ಬೀಜಿಂಗ್‌ಗೆ ಹೋಗದ ಮಾರೆನ್ ಲುಂಡ್ಬಿ: ಸರಿಯೋ, ತಪ್ಪೋ?

ನಾರ್ವೆಯ ಸ್ಕೀ ಜಂಪಿಂಗ್ ಚಾಂಪಿಯನ್ ಮಾರೆನ್ ಲುಂಡ್ಬಿ 2018ರ ಪ್ಯಾಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. 2021ರ ಅಕ್ಟೋಬರ್‌ನಲ್ಲಿ, ಬೀಜಿಂಗ್ ಒಲಿಂಪಿಕ್ಸ್‌ಗೆ ನಾಲ್ಕೇ ತಿಂಗಳಿದ್ದಾಗ, ಅವರು ಹಿಂದೆ ಸರಿದರು. ತೂಕ ಜಾಸ್ತಿಯಾಗಿದೆ, ಅದನ್ನು ಇಳಿಸೋಕೆ ಅತಿರೇಕದ ದಾರಿ ಹಿಡಿಯಲ್ಲ ಅನ್ನೋದು ಅವರು ಕೊಟ್ಟ ಕಾರಣ. ಮಾಡಿದ್ದು ಸರಿಯೇ?

ಪರ: ಇನ್ನೂರು ಗ್ರಾಂ ಎಷ್ಟು ಭಾರ ಅಂತ ನನಗೆ ಗೊತ್ತು

ಸ್ಕೀ ಜಂಪಿಂಗ್ ಹೆಸರಿಗಷ್ಟೇ ಜಿಗಿತ. ನೋಡಿದರೆ ಅದು ಗಾಳಿಯ ಮೇಲೆ ಬೋರಲು ಮಲಗುವ ಆಟ. ಎತ್ತರದ ಗೋಪುರದಿಂದ ಮುದುಡಿ ಕೂತು ಜಾರುತ್ತಾರೆ. ವೇಗ ಗಂಟೆಗೆ 90 ಕಿಲೋಮೀಟರ್ ಹತ್ತಿರ ಬರುವಾಗ ಜಾಡು ಮುಗಿಯುತ್ತದೆ. ಅಷ್ಟರಲ್ಲಿ ಮೇಲೆದ್ದು ಮೈಯನ್ನು ಮುಂದಕ್ಕೆ ಚೆಲ್ಲಬೇಕು. ಸ್ಕೀಗಳನ್ನು ‘ವಿ’ ಅಕ್ಷರದ ಹಾಗೆ ಅಗಲಿಸಬೇಕು. 1980ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಯಾನ್ ಬೋಕ್ಲೊವ್ ಹೀಗೆ ಹಾರಿದಾಗ ತೀರ್ಪುಗಾರರು ‘ಏನಿದು ಕಪ್ಪೆಯ ಹಾಗೆ’ ಎಂಬಂತೆ ಅಂಕ ಕತ್ತರಿಸಿದ್ದರು. ಕೆಲವೇ ವರ್ಷಗಳಲ್ಲಿ ಎಲ್ಲರೂ ಹಾಗೇ ಹಾರತೊಡಗಿದರು. ಅವತ್ತಿನಿಂದ ಹಾರುವವರ ಮೈ ಅಂದರೆ ಒಂದು ಗಾಳಿಪಟ. ಗಾಳಿಪಟ ಹಗುರ ಇದ್ದಷ್ಟೂ ದೂರ ಹೋಗುತ್ತದೆ. ಈ ಆಟದ ರೋಗ ಇರುವುದೇ ಅಲ್ಲಿ.

ರೋಗ ಗೊತ್ತಿಲ್ಲದ್ದೇನಲ್ಲ. ಆಟಗಾರರು ಕಡ್ಡಿಯಾಗುತ್ತಿದ್ದಾರೆ ಅಂತ 2004ರ ಹೊತ್ತಿಗೆ ಅಂತಾರಾಷ್ಟ್ರೀಯ ಸ್ಕೀ ಸಂಸ್ಥೆ ಒಂದು ನಿಯಮ ತಂದಿತು. ಎತ್ತರಕ್ಕೆ ತಕ್ಕ ತೂಕ ಇಲ್ಲದವರು ಗಿಡ್ಡ ಸ್ಕೀ ಹಾಕಬೇಕು. ಸ್ಕೀ ಗಿಡ್ಡವಾದರೆ ಗಾಳಿ ಕಮ್ಮಿ ಹಿಡಿಯುತ್ತದೆ. ಒಳ್ಳೆಯ ನಿಯಮವೇ. ಆದರೆ ಅದು ತೀರಾ ಕೆಳಗೆ ಬೀಳದಂತೆ ಹಾಕಿದ ಬೇಲಿ ಅಷ್ಟೇ. ಎಲ್ಲರೂ ಆ ಬೇಲಿಗೆ ಬೆನ್ನು ತಾಗಿಸಿಕೊಂಡೇ ನಿಲ್ಲುತ್ತಾರೆ.

ಈಗ ಲುಂಡ್ಬಿ ವಿಷಯಕ್ಕೆ ಬನ್ನಿ. ಪ್ಯಾಂಗ್‌ಚಾಂಗ್‌ನ ಆ ಬೆಟ್ಟದ ಅಳತೆ, ಅಂದರೆ ಹಾರಿದವರು ಸುರಕ್ಷಿತವಾಗಿ ಇಳಿಯಬಹುದಾದ ದೂರ, 109 ಮೀಟರ್. ಕೊನೆಯ ಜಿಗಿತದಲ್ಲಿ ಅವರು ಇಳಿದದ್ದು 110ಕ್ಕೆ. ಬೆಟ್ಟವೇ ಸಾಲಲಿಲ್ಲ! 2018, 2019, 2020, ಮೂರು ವರ್ಷ ಸತತವಾಗಿ ವಿಶ್ವಕಪ್ ಸರಣಿ ಅವರದ್ದೇ. ವಿಶ್ವಕಪ್‌ನಲ್ಲಿ ಒಟ್ಟು 30 ಗೆಲುವು. 2019ರಲ್ಲಿ ಸೀಫೆಲ್ಡ್‌ನಲ್ಲಿ ವಿಶ್ವ ಚಾಂಪಿಯನ್. 2021ರ ಮಾರ್ಚ್‌ನಲ್ಲಿ ಒಬರ್ಸ್ಟ್‌ಡಾರ್ಫ್‌ನಲ್ಲಿ ಹೆಂಗಸರಿಗೆ ಮೊದಲ ಸಲ ದೊಡ್ಡ ಬೆಟ್ಟದ, ಅಂದರೆ ಇನ್ನೂ ದೂರ ಹಾರುವ ಸ್ಪರ್ಧೆಯ, ವಿಶ್ವ ಚಾಂಪಿಯನ್‌ಷಿಪ್ ಪದಕ ಇಟ್ಟರು. ಆ ಚಿನ್ನವೂ ಇವರಿಗೇ. ಅದಾಗಿ ಏಳೇ ತಿಂಗಳಿಗೆ ಕ್ಯಾಮರಾ ಮುಂದೆ ಕಣ್ಣೀರು ಹಾಕುತ್ತಾ ‘ನಾನು ಬರಲ್ಲ’ ಅಂದರು. ಇದನ್ನು ಹೆದರಿಕೆ ಅನ್ನುವವರು ಇದ್ದಾರೆ. ಅಲ್ಲಾರೀ, ಎಲ್ಲವನ್ನೂ ಗೆದ್ದವರು ಯಾವುದಕ್ಕೆ ಹೆದರಬೇಕು?

ನಾನು ಇಷ್ಟು ಜೋರಾಗಿ ಹೇಳೋಕೆ ಕಾರಣ ಇದೆ. ಕಾಲೇಜಿನಲ್ಲಿ ನಾನು ಜೂಡೊ ಆಡುತ್ತಿದ್ದೆ. 48 ಕೆ.ಜಿ. ವಿಭಾಗ. ನನ್ನ ಸಹಜ ತೂಕ 52ರ ಮೇಲೆ. ಆದರೆ 52ರಲ್ಲಿ ನಮ್ಮ ಕಾಲೇಜಿನ ಸೀನಿಯರ್ ಇದ್ದರು. ‘ನೀನು ಇಳಿಸಿಬಿಡಮ್ಮ’ ಅಂದರು ಕೋಚ್. ನನಗೂ ಅದು ದೊಡ್ಡ ವಿಷಯ ಅನಿಸಲಿಲ್ಲ. ಎಲ್ಲರೂ ಇಳಿಸುತ್ತಿದ್ದರಲ್ಲ.

ಕೊನೆಯ ಎರಡು ದಿನ ನೀರೂ ಇಲ್ಲ. ಪ್ಲಾಸ್ಟಿಕ್ ಜರ್ಕಿನ್ ಮೇಲೆ ಸ್ವೆಟರ್ ಹಾಕಿಕೊಂಡು ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲಿ ಮೈದಾನ ಸುತ್ತುತ್ತಿದ್ದೆ. ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಳ್ಳುತ್ತಿದ್ದೆವು, ತಿನ್ನೋಕಲ್ಲ. ನೀರೂರುತ್ತದಲ್ಲ, ಅದನ್ನು ಒಂದು ಲೋಟಕ್ಕೆ ಉಗಿಯೋಕೆ. ಅಷ್ಟಾದರೂ ತೂಕ ಇಳಿಯಲಿ ಅಂತ. ಆ ವಾರವೇ ಅಮ್ಮ ಡಬ್ಬಿ ತುಂಬಾ ಕೋಡುಬಳೆ ಕಳಿಸಿದ್ದರು. ರೂಮಿನ ಹುಡುಗಿಯರು ನನ್ನೆದುರೇ ಕಟಕಟ ತಿಂದರು. ಇವತ್ತಿಗೂ ಆ ಸದ್ದು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತರೆ ಇನ್ನೂ ಇನ್ನೂರು ಗ್ರಾಂ ಜಾಸ್ತಿ. ಒಬ್ಬಳು ಕತ್ತರಿ ತಂದಳು. ಸೊಂಟದವರೆಗೆ ಇದ್ದ ಜಡೆ ಹೋಯಿತು.

ಕಂಚು ಬಂತು. ಆ ವಿಭಾಗದಲ್ಲಿ ಇದ್ದವರೇ ನಾಲ್ಕು ಜನ, ಅದನ್ನು ಮನೆಯಲ್ಲಿ ಹೇಳಲಿಲ್ಲ.

ಆಮೇಲೆ ನಾಲ್ಕು ತಿಂಗಳು ನನಗೆ ಮುಟ್ಟು ಬರಲಿಲ್ಲ. ಕೋಚ್ ಹತ್ತಿರ ಹೇಗೋ ಹೇಳಿಕೊಂಡರೆ ‘ಪ್ರಾಕ್ಟೀಸ್ ತಪ್ಪಲ್ಲ, ಒಳ್ಳೇದೇ ಆಯ್ತು’ ಅಂತ ನಕ್ಕರು. ರಜೆಗೆ ಊರಿಗೆ ಹೋದಾಗ ಅಮ್ಮ ಕ್ಯಾಲೆಂಡರ್ ನೋಡಿ ‘ಏನೇ ಇದು?’ ಅಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಮರುವರ್ಷ 52ಕ್ಕೆ ಆಡುತ್ತೇನೆ ಅಂದೆ. ಜಾಗ ಇಲ್ಲ ಅಂದರು. ಬಿಟ್ಟೆ.

ನನ್ನದು ಕಾಲೇಜು ಮಟ್ಟದ ಕಂಚು. ಲುಂಡ್ಬಿ ಅವರ ಮುಂದೆ ಇದ್ದದ್ದು ಒಲಿಂಪಿಕ್ ಚಿನ್ನ, ಅದೂ ಎರಡನೆಯದು. ಒಂದು ಚಳಿಗಾಲ ಹೊಟ್ಟೆ ಕಟ್ಟಿದ್ದರೆ ಸಿಗುತ್ತಿತ್ತೇನೋ. ಅಷ್ಟು ಹತ್ತಿರ ಇದ್ದದ್ದನ್ನು ಬೇಡ ಅಂದರಲ್ಲ, ಅದಕ್ಕೆ ಎಷ್ಟು ಗಟ್ಟಿ ಎದೆ ಬೇಕು ಅಂತ ಲೋಟಕ್ಕೆ ಉಗಿದವರಿಗೆ ಗೊತ್ತಾಗುತ್ತದೆ. ಸುಮ್ನೆ ಮೊಣಕಾಲು ನೋವು ಅಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ‘ತೂಕ’ ಅಂತಲೇ ಹೇಳಿದರು. ಇಪ್ಪತ್ತೇಳರ ಹೆಂಗಸಿನ ಮೈ ಹದಿನೇಳರ ಹುಡುಗಿಯ ಮೈ ಆಗಿರುವುದಿಲ್ಲ ಅಂತ ಟೀವಿಯಲ್ಲಿ, ಎಲ್ಲ ತಂದೆ ತಾಯಿ, ಎಲ್ಲ ಕೋಚ್‌ಗಳಿಗೆ ಕೇಳುವ ಹಾಗೆ ಹೇಳಿದರು. ನನ್ನ ಕಾಲದಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ನನ್ನ ಜಡೆ ಉಳಿಯುತ್ತಿತ್ತು.

ವಿರೋಧ: ಹೋಗಬೇಕಿತ್ತು

ಸಂಪಾದಕರು ಫೋನ್ ಮಾಡಿದಾಗ ನಾನು ‘ಪರ’ ಬರೆಯುತ್ತೇನೆ ಅಂದೆ. ಅದು ಆಗಲೇ ಬೇರೆಯವರ ಪಾಲಾಗಿತ್ತಂತೆ. ಇರಲಿ. ಒಪ್ಪಿಕೊಂಡ ಮೇಲೆ ಬರೆಯಬೇಕು.

ನನ್ನ ವಾದ ಒಂದೇ. ಲುಂಡ್ಬಿ ಬೀಜಿಂಗ್‌ಗೆ ಹೋಗಬೇಕಿತ್ತು. ಗೆಲ್ಲೋಕಲ್ಲ, ಹಾರೋಕೆ.

ಈ ಜಾಗ ಹೆಂಗಸರಿಗೆ ಸುಲಭಕ್ಕೆ ಸಿಕ್ಕಿದ್ದಲ್ಲ. ಗಂಡಸರು 1924ರಿಂದ ಒಲಿಂಪಿಕ್ಸ್‌ನಲ್ಲಿ ಹಾರುತ್ತಿದ್ದಾರೆ. ಹೆಂಗಸರಿಗೆ ಬಾಗಿಲು ತೆರೆದದ್ದು 2014ರಲ್ಲಿ, ಸೋಚಿಯಲ್ಲಿ. ಲೆಕ್ಕ ಹಾಕಿ, 90 ವರ್ಷ. ನಡುವೆ ಸ್ಕೀ ಸಂಸ್ಥೆಯ ಅಧ್ಯಕ್ಷರೇ ಇದು ವೈದ್ಯಕೀಯವಾಗಿ ಹೆಂಗಸರಿಗೆ ಆಗಿಬರುವ ಆಟವಲ್ಲ ಎಂಬ ಅರ್ಥದ ಮಾತಾಡಿದ್ದರು. 2010ರ ವ್ಯಾಂಕೂವರ್‌ನಲ್ಲಿ ಅವಕಾಶ ಕೊಡಿ ಅಂತ ಆಟಗಾರ್ತಿಯರು ಕೆನಡಾದಲ್ಲಿ ಕೋರ್ಟಿಗೆ ಹೋಗಿ ಸೋತರು. ನಾರ್ವೆಯ ಅನೆಟ್ಟೆ ಸಾಗೆನ್ ಅಂತೂ ದೊಡ್ಡ ಬೆಟ್ಟದಲ್ಲಿ ಹಾರಲು ತಮ್ಮ ದೇಶದವರ ಹತ್ತಿರವೇ ಜಗಳ ಆಡಬೇಕಾಯಿತು. 2010ರಲ್ಲಿ ಆಸ್ಲೊದ ಹೊಸ ಹೋಲ್ಮೆನ್‌ಕೋಲೆನ್ ಬೆಟ್ಟದ ಮೊದಲ ಜಿಗಿತದ ಗೌರವ ಅವರಿಗೆ ಕೊಟ್ಟರು. ಅದರ ಹಿಂದಿನ ರಾತ್ರಿಯೇ ಒಬ್ಬ ಗಂಡಸು ಗುಟ್ಟಾಗಿ ಹಾರಿಬಿಟ್ಟಿದ್ದ! ಇಷ್ಟೆಲ್ಲ ಪಾಡು ಪಟ್ಟು ದೊರಕಿದ ಮೆಟ್ಟಿಲಿಗೆ ಹಾಲಿ ಚಾಂಪಿಯನ್ನೇ ಬರಲ್ಲ ಅಂದರೆ ಹೇಗೆ?

ಇನ್ನು ನನ್ನ ಇಷ್ಟದ ಮನುಷ್ಯ ಬಿರ್ಗೆರ್ ರೂಡ್. ನಾರ್ವೆಯ ಕೋಂಗ್ಸ್‌ಬರ್ಗ್ ಊರಿನ ಸ್ಕೀ ಜಂಪರ್. 1932 ಮತ್ತು 1936ರಲ್ಲಿ ಒಲಿಂಪಿಕ್ ಚಿನ್ನ. ಆಮೇಲೆ ಯುದ್ಧ ಬಂತು. ನಾಟ್ಸಿಗಳು ನಾರ್ವೆಯನ್ನು ಹಿಡಿದಾಗ ರೂಡ್ ಗ್ರಿನಿ ಸೆರೆ ಶಿಬಿರದಲ್ಲಿ ದಿನ ಕಳೆದರು. 1948ರಲ್ಲಿ ಸೇಂಟ್ ಮೊರಿಟ್ಜ್ ಒಲಿಂಪಿಕ್ಸ್‌ಗೆ ಬಂದದ್ದು ಕೋಚ್ ಆಗಿ. ವಯಸ್ಸು 36. ಹವಾಮಾನ ಕೆಟ್ಟಿತ್ತು. ಅನುಭವ ಇದ್ದವರು ಬೇಕು ಅಂತ ತಂಡದ ಒಬ್ಬರ ಬದಲು ತಾವೇ ಸ್ಕೀ ಕಟ್ಟಿಕೊಂಡು ಹಾರಿದರು. ಬೆಳ್ಳಿ! ಸೆರೆ ಕಂಡ ಮೈ, ಕೋಚ್ ಆಗಿದ್ದ ಮೈ. ತಯಾರಿ ಇಲ್ಲ, ವಯಸ್ಸಾಯಿತು ಅಂತ ಅವರು ಕೂರಬಹುದಿತ್ತು. ಕೂರಲಿಲ್ಲ. ಹೋಗಬೇಕು ಅಂದರೆ ಹೀಗೆ ಹೋಗಬೇಕು. ಅವರ ಕಾಲದ ಶೈಲಿ ಬೇರೆ, ಗಾಳಿಪಟದ ಲೆಕ್ಕ ಬೇರೆ ಅಂತ ಯಾರಾದರೂ ಅಂದರೆ, ಅನ್ನಲಿ. ಬೆಳ್ಳಿ ಬೆಳ್ಳಿಯೇ.

ಪರ ಬರೆದವರು ಉಪವಾಸದ ಕಥೆ ತರುತ್ತಾರೆ ಅಂತ ನನಗೆ ಗೊತ್ತು. ಉಪವಾಸ ಮಾಡಿ ಅಂದವರು ಯಾರು? ಹೊಟ್ಟೆ ತುಂಬಾ ತಿಂದು, ಇದ್ದ ತೂಕದಲ್ಲೇ ಹೋಗಿ ಹಾರಿದ್ದರೆ ಇನ್ನೂ ಚೆಂದ ಅಲ್ವಾ? ಹತ್ತನೆಯವರಾಗಿ ಬರಲಿ, ಇಪ್ಪತ್ತನೆಯವರಾಗಿ ಬರಲಿ. ಊಟ ಬಿಡದವರೂ ಒಲಿಂಪಿಕ್ಸ್‌ನಲ್ಲಿ ಹಾರಬಹುದು ಅಂತ ಜನ ನೋಡುತ್ತಿದ್ದರು. ಮನೆಯಲ್ಲಿ ಕೂತರೆ ಏನು ಕಾಣುತ್ತದೆ? ತೂಕ ಬಂದವರಿಗೆ ಇಲ್ಲಿ ಜಾಗ ಇಲ್ಲ ಅಂತ. ಅವರು ಹೇಳಹೊರಟದ್ದೇ ತಲೆಕೆಳಗಾಯಿತು. (ಒಬ್ಬ ಚಾಂಪಿಯನ್‌ಗೆ ಇಪ್ಪತ್ತನೆಯ ಸ್ಥಾನಕ್ಕೆ ಹೋಗಿ ಅನ್ನೋದು ಸುಲಭ. ನನ್ನ ಹೆಂಡತಿ ಇದನ್ನು ಓದಿ ‘ನೀವು ಬೆಳಗಿನ ವಾಕಿಂಗ್‌ಗೇ ಹೋಗಲ್ಲ’ ಅಂದಳು. ಅದು ಬೇರೆ ಮಾತು.)

ಮುಂದಿನ ಋತುವಿನಲ್ಲಿ ಅವರು ವಾಪಸ್ ಬಂದರು. ಹಳೆಯ ಗೆಲುವು ಸಿಗಲಿಲ್ಲ. ಒಮ್ಮೆ ಬಿಟ್ಟ ಬಸ್ಸು ಅದು. ಬೀಜಿಂಗ್‌ನಲ್ಲಿ ಚಿನ್ನ ಸ್ಲೊವೇನಿಯಾದ ಉರ್ಶಾ ಬೊಗತಾಯ್ ಪಾಲಾಯಿತು.

ಇನ್ನೊಂದು ಇದೆ. ಎರಡು ದಿನ ಬಿಟ್ಟು ಮಿಶ್ರ ತಂಡದ ಸ್ಪರ್ಧೆ ನಡೆಯಿತು. ಉಡುಪು ಸಡಿಲ ಇದ್ದರೆ ಗಾಳಿ ಜಾಸ್ತಿ ಹಿಡಿಯುತ್ತದೆ, ಅದಕ್ಕೇ ಅದನ್ನು ಅಳೆಯುತ್ತಾರೆ. ಉಡುಪಿನ ಅಳತೆ ಸರಿಯಿಲ್ಲ ಅಂತ ಒಂದೇ ಸಂಜೆ ಐವರು ಹೆಂಗಸರನ್ನು ಅನರ್ಹ ಮಾಡಿದರು. ಅದರಲ್ಲಿ ಇಬ್ಬರು ನಾರ್ವೆಯವರು. ತಂಡ ಎಂಟನೆಯದಾಯಿತು. ಲುಂಡ್ಬಿ ಇದ್ದಿದ್ದರೆ ನಾರ್ವೆಗೆ ಈ ಗತಿ ಬರುತ್ತಿತ್ತೇ ಅಂತ ಕೇಳೋಣ ಅಂದುಕೊಂಡಿದ್ದೆ. ಬರೆಯಲು ಕೂತಾಗ ಹೊಳೆಯಿತು, ಅವರನ್ನೂ ಅದೇ ಟೇಪು ಹಿಡಿದು ಅಳೆಯುತ್ತಿದ್ದರು.