ಬಿಲ್ ಕೇಳಿದ್ದಕ್ಕೆ ಆಫೀಸರ್ ಆದೆ

"ಇವ್ರು ಯಾವ ಇಲಾಖೆಯವ್ರು?" ಅಂತ ಟೈಲ್ಸ್ ಅಂಗಡಿಯ ಹುಡುಗ ನಮ್ಮಣ್ಣನನ್ನು ಕೇಳಿದ. ನಾನು ಪಕ್ಕದಲ್ಲೇ ನಿಂತಿದ್ದೆ. ನಾನು ಮಾಡಿದ್ದು ಇಷ್ಟೇ, ಪಕ್ಕಾ ಬಿಲ್ ಕೊಡಿ ಅಂದಿದ್ದೆ.

2025ರ ಜುಲೈ ಅದು. ದಾವಣಗೆರೆಯಲ್ಲಿ ಅಣ್ಣ ಮೇಲೊಂದು ಮನೆ ಕಟ್ಟಿಸುತ್ತಿದ್ದ. ಆಷಾಢ ಕಳೆದ ಕೂಡಲೇ ಗೃಹಪ್ರವೇಶ ಆಗಬೇಕು ಅಂತ ಅತ್ತಿಗೆಯ ಹಟ. ಟೈಲ್ಸ್ ಲೆಕ್ಕ 90 ಸಾವಿರಕ್ಕೆ ಬಂದು ನಿಂತಿತು. ಬಿಲ್ ಹಾಕಿಸಿದರೆ ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 16,200 ರೂಪಾಯಿ. ಬಿಲ್ ಬೇಡ ಅಂದರೆ ಮೇಲ್ಗಡೆ "ಎಸ್ಟಿಮೇಟ್" ಅಂತ ಅಚ್ಚಾದ ಒಂದು ಚೀಟಿ. ಅಣ್ಣ ನನ್ನ ಕೈ ಅದುಮಿ, "ಸುಮ್ನಿರಲೇ, ಹದಿನಾರು ಸಾವಿರ ನೀನು ಕೊಡ್ತೀಯೇನು?" ಅಂದ. ಕೊಡ್ತೀನಿ ಅಂದೆ. ಅದು ಇನ್ನೂ ಕೆಟ್ಟದಾಯಿತು. ಅಂಗಡಿ ಯಜಮಾನರ ಕಡೆ ತಿರುಗಿ, "ನಮ್ ತಮ್ಮ ರೀ, ಆಫ್ರಿಕಾದಾಗ ಇರ್ತಾನೆ" ಅಂದ. ಅವರು "ಓ, ಹಂಗಾ" ಅಂದರು. ಹುಷಾರಿಲ್ಲದವರನ್ನು ವಿಚಾರಿಸಿದ ಹಾಗಿತ್ತು ಆ ದನಿ. ವ್ಯವಹಾರ ಚೀಟಿಯಲ್ಲೇ ಮುಗಿಯಿತು.

ನಾನಿರುವುದು ಕೀನ್ಯಾದ ನೈರೋಬಿಯಲ್ಲಿ. ಅಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ಯಾಕೇಜಿಂಗ್ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಬಿಲ್ ಅಂದರೆ ನನಗೆ ಹೊಟ್ಟೆಪಾಡು. ಅಲ್ಲಿ ಸೂಪರ್ ಮಾರ್ಕೆಟ್‌ನಲ್ಲಿ ಸೋಪು ತಗೊಂಡರೂ ಕ್ಯೂಆರ್ ಕೋಡ್ ಇರುವ ರಸೀದಿ ಬರುತ್ತದೆ. ಅದರಲ್ಲಿ ಸಾಮಾನಿನ ಬೆಲೆ ಇಷ್ಟು, ಶೇ. 16 ವ್ಯಾಟ್ ಇಷ್ಟು ಅಂತ ಬೇರೆ ಬೇರೆ ಇರುತ್ತದೆ. 2024ರ ಜನವರಿಯಿಂದ ಇನ್ನೂ ಬಿಗಿ ಮಾಡಿದ್ದಾರೆ. ಇಟಿಮ್ಸ್ ಅನ್ನೋ ತೆರಿಗೆ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಿಂದ ಹೊರಟ ಬಿಲ್ ಇಲ್ಲದಿದ್ದರೆ ಕಂಪನಿ ಮಾಡಿದ ಖರ್ಚನ್ನು ಆದಾಯ ತೆರಿಗೆಯವರು ಖರ್ಚು ಅಂತಲೇ ಒಪ್ಪುವುದಿಲ್ಲ. ಹಾಗಾಗಿ ಕಾರ್ಖಾನೆಗೆ ಪೊರಕೆ ತಂದು ಹಾಕುವವನ ಹತ್ತಿರವೂ ನಾನು ಬಿಲ್ ಕೇಳುತ್ತೇನೆ. ಅವನು ಗೊಣಗುತ್ತಾನೆ, ಆಮೇಲೆ ಕೊಡುತ್ತಾನೆ. ಯಾವ ಇಲಾಖೆ ಅಂತ ಮಾತ್ರ ಇದುವರೆಗೆ ಯಾರೂ ಕೇಳಿಲ್ಲ.

ಅಲ್ಲಿ ಒಳ್ಳೆಯವರಿದ್ದಾರೆ, ನಮ್ಮವರು ಕಳ್ಳರು ಅಂತ ನಾನು ಹೇಳುತ್ತಿಲ್ಲ. ನನ್ನ ತಲೆ ಕೆಡಿಸುವುದು ಬೇರೆ. ಅಲ್ಲಿ ತೆರಿಗೆ ಕಣ್ಣಿಗೆ ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ. ಕಾಣದ್ದರ ಬಗ್ಗೆ ನಾವು ಜಗಳ ಆಡುವುದಿಲ್ಲ.

ಕೀನ್ಯಾದಲ್ಲಿ ತಿಂಗಳಿಗೆ 24,000 ಶಿಲ್ಲಿಂಗ್ ದಾಟಿದ ಸಂಬಳಕ್ಕೆಲ್ಲ ಆದಾಯ ತೆರಿಗೆ ಶುರು. ನಮ್ಮ ಲೆಕ್ಕದಲ್ಲಿ ಸುಮಾರು 16 ಸಾವಿರ ರೂಪಾಯಿ. ನಮ್ಮಲ್ಲಿ 2025ರ ಬಜೆಟ್ ಆದ ಮೇಲೆ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗೆ ಆದಾಯ ತೆರಿಗೆಯೇ ಇಲ್ಲ. ಅಂದರೆ ದಾವಣಗೆರೆಯಲ್ಲಿ ತಿಂಗಳಿಗೆ ಲಕ್ಷ ಎಣಿಸುವವನಿಗೆ ಇಲ್ಲದ ತೆರಿಗೆಯನ್ನು ನಮ್ಮ ಕಾರ್ಖಾನೆಯ ಮೆಷಿನ್ ಆಪರೇಟರ್ ಕಟ್ಟುತ್ತಾನೆ. ಅದರ ಮೇಲೆ ವಸತಿ ಯೋಜನೆಗೆ ಅಂತ ಶೇ. 1.5, ಆರೋಗ್ಯ ವಿಮೆಗೆ ಅಂತ ಶೇ. 2.75 ಬೇರೆ ಕಟ್. ತಿಂಗಳ ಕೊನೆಗೆ ಪೇಸ್ಲಿಪ್ ಹಿಡಿದು ನನ್ನ ಕಿಟಕಿ ಮುಂದೆ ಸಾಲು ನಿಲ್ಲುತ್ತಾರೆ. ಒಬ್ಬ ಸೂಪರ್‌ವೈಸರ್ ಅಂತೂ ಪ್ರತಿ ತಿಂಗಳೂ ಬೆರಳಿಟ್ಟು ತೋರಿಸುತ್ತಾನೆ: "ಈ ಮನೆ ದುಡ್ಡು ತಗೊಂಡ್ರಲ್ಲ, ಮನೆ ಎಲ್ಲಿ?" ನಾನೇನು ಹೇಳಲಿ? ಸರ್ಕಾರವನ್ನು ಕೇಳು ಅಂತೀನಿ. ಕೇಳುತ್ತಾರೆ ಕೂಡ.

2024ರ ಜೂನ್‌ನಲ್ಲಿ ಕೇಳಿಯೇ ಬಿಟ್ಟರು. ಹಣಕಾಸು ಮಸೂದೆಯಲ್ಲಿ ಬ್ರೆಡ್ಡಿಗೆ ಶೇ. 16 ವ್ಯಾಟ್, ವಾಹನಗಳಿಗೆ ಶೇ. 2.5 ತೆರಿಗೆ ಅಂತೆಲ್ಲ ಇತ್ತು. ಇಪ್ಪತ್ತು ದಾಟಿದ ಹುಡುಗ ಹುಡುಗಿಯರು ಮಸೂದೆಯ ಕಲಮುಗಳನ್ನು ಓದಿ, ಟಿಕ್‌ಟಾಕ್‌ನಲ್ಲಿ ಬಿಡಿಸಿ ಹೇಳಿದರು. ಕಲಮುಗಳನ್ನು! ನಾನು ಬಿ.ಕಾಂ. ಓದಿದವನು, ನಮ್ಮ ದೇಶದ ಹಣಕಾಸು ಮಸೂದೆಯನ್ನು ತೆರೆದೂ ನೋಡಿದವನಲ್ಲ. ಜೂನ್ 25ಕ್ಕೆ ಜನ ಪಾರ್ಲಿಮೆಂಟಿನ ಒಳಗೆ ನುಗ್ಗಿದರು. ಮಾರನೇ ದಿನ ಅಧ್ಯಕ್ಷ ರುಟೊ ಮಸೂದೆಗೆ ಸಹಿ ಹಾಕಲ್ಲ ಅಂದರು.

ನಮ್ಮಲ್ಲಿ ಬ್ರೆಡ್ಡಿಗೆ ಎಷ್ಟು, ಬಿಸ್ಕತ್ತಿಗೆ ಎಷ್ಟು ತೆರಿಗೆ ಅಂತ ಬೀದಿಯಲ್ಲಿ ಹತ್ತು ಜನರನ್ನು ಕೇಳಿ ನೋಡಿ. "ನಾವೆಲ್ಲಿ ಟ್ಯಾಕ್ಸ್ ಕಟ್ತೀವಿ, ಅದು ಸಾಹುಕಾರ್ರದ್ದು" ಅನ್ನುವವರೇ ಜಾಸ್ತಿ. ಅವರ ಕಿಸೆಯಲ್ಲಿನ ಬೀಡಿ, ಕೈಯಲ್ಲಿನ ಫೋನು, ಅದಕ್ಕೆ ಹಾಕಿಸಿದ ರೀಚಾರ್ಜು, ಎಲ್ಲದರಲ್ಲೂ ತೆರಿಗೆ ಇದೆ. ಬೆಲೆಯೊಳಗೆ ಸೇರಿಕೊಂಡಿದೆ, ಅಷ್ಟೆ.

ಈಗ ಪಾತ್ರೆ ಅಂಗಡಿಯ ವಿಷಯಕ್ಕೆ ಬರುತ್ತೇನೆ. ನಿಜಕ್ಕೂ ನನ್ನನ್ನು ಬರೆಯಲು ಕೂರಿಸಿದ್ದು ಅದು.

ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನೊಬ್ಬ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದಾನೆ. ಒಳ್ಳೆ ವ್ಯಾಪಾರ. ಮದುವೆ ಸೀಸನ್ನಿನಲ್ಲಿ ಮಾತಾಡಿಸಲೂ ಪುರುಸೊತ್ತಿರುವುದಿಲ್ಲ. ಅವನ ಗಲ್ಲಾದ ಮುಂದೆ ಮೂರು ಕ್ಯೂಆರ್ ಸ್ಟಿಕ್ಕರ್. ಒಂದು ಅವನ ಹೆಸರಿಂದು, ಒಂದು ಹೆಂಡತಿಯದ್ದು, ಇನ್ನೊಂದು ಬಾಮೈದನದು. ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಲೇಬೇಕು. ಅದಕ್ಕೇ ಒಂದು ಹೆಸರು ಆ ಗೆರೆ ಹತ್ತಿರ ಬಂದ ಕೂಡಲೇ ಆ ಸ್ಟಿಕ್ಕರ್ ಒಳಗೆ ಹೋಗುತ್ತದೆ, ಬೇರೆಯದು ಹೊರಗೆ ಬರುತ್ತದೆ. ಒಂದೇ ಬಾಗಿಲು, ಒಂದೇ ಗಲ್ಲಾ, ಮೂರು ಬೋರ್ಡು. ಎಲ್ಲ ಸೇರಿ ವರ್ಷಕ್ಕೆ ಕೋಟಿ ರೂಪಾಯಿಯ ವ್ಯಾಪಾರ ಅಂತ ಅವನೇ ಹೇಳಿದ.

ಅವನಿಗೆ ಒಂದು ಗೋಡೌನ್ ಮಾಡುವ ಆಸೆ. 25 ಲಕ್ಷ ಸಾಲಕ್ಕೆ ಬ್ಯಾಂಕಿಗೆ ಹೋದ. ಮೂರು ವರ್ಷದ ತೆರಿಗೆ ರಿಟರ್ನ್ ತನ್ನಿ ಅಂದರು. ಕಾಗದದ ಮೇಲೆ ಇವನು ತೀರಾ ಸಣ್ಣ ವ್ಯಾಪಾರಿ. ಸಾಲ ಆಗಲಿಲ್ಲ. ಖಾಸಗಿ ಫೈನಾನ್ಸಿನಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದ. ತಿಂಗಳಿಗೆ 50 ಸಾವಿರ, ವರ್ಷಕ್ಕೆ 6 ಲಕ್ಷ ಬರೀ ಬಡ್ಡಿ. ಬ್ಯಾಂಕಿನಲ್ಲಿ ಶೇ. 11ಕ್ಕೆ ಸಿಕ್ಕಿದ್ದರೂ 2 ಲಕ್ಷದ 75 ಸಾವಿರದಲ್ಲಿ ಮುಗಿಯುತ್ತಿತ್ತು. ಇತ್ತ ತೆರಿಗೆ ಎಷ್ಟು ಉಳಿಸಿದ ನೋಡೋಣ. ಒಂದೂವರೆ ಕೋಟಿವರೆಗಿನ ವ್ಯಾಪಾರಿಗೆ ರಾಜಿ ತೆರಿಗೆ ಪದ್ಧತಿ ಇದೆ, ಎಲ್ಲರೂ ಕಾಂಪೊಸಿಷನ್ ಅನ್ನುತ್ತಾರೆ. ವಹಿವಾಟಿನ ಮೇಲೆ ಶೇ. 1. ಅದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಕೈಯಿಂದ ಕಟ್ಟಬೇಕು. ಕೋಟಿಗೆ ಒಂದು ಲಕ್ಷ. ಒಂದು ಲಕ್ಷ ಉಳಿಸಲು ಹೋಗಿ ಮೂರೂಕಾಲು ಲಕ್ಷ ಕಳೆದುಕೊಳ್ಳುತ್ತಿದ್ದಾನೆ!

ಇದನ್ನು ಬರೆದು ತೋರಿಸಿದೆ. ನಕ್ಕ. "ಫೈನಾನ್ಸಿನವ್ನು ಒಂದ್ಸಲಾನೂ ನಂಗೆ ನೋಟಿಸ್ ಕಳ್ಸಿಲ್ಲ ಕಣೋ" ಅಂದ.

ನಾವು ಬಡದೇಶ, ಬೆಳೆಯುತ್ತಿರುವ ದೇಶ ಅಂತೆಲ್ಲ ಮಾತಾಡುವಾಗ ನನಗೆ ಈ ಮೂರು ಸ್ಟಿಕ್ಕರ್ ನೆನಪಾಗುತ್ತವೆ. ಅಂಗಡಿ ಬೆಳೆಯಬಹುದಿತ್ತು. ಇನ್ನೂ ನಾಲ್ಕು ಜನಕ್ಕೆ ಕೆಲಸ ಸಿಗಬಹುದಿತ್ತು. ಬೆಳೆದರೆ ಕಣ್ಣಿಗೆ ಬೀಳುತ್ತೇವೆ ಅಂತ ಬೆಳೆಯುತ್ತಿಲ್ಲ. ಅಂತಾರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಅರ್ಥಶಾಸ್ತ್ರಜ್ಞರು 2016ರಲ್ಲಿ ಒಂದು ಅಧ್ಯಯನ ಮಾಡಿ, ತೆರಿಗೆ ಸಂಗ್ರಹ ದೇಶದ ಒಟ್ಟು ಉತ್ಪನ್ನದ (ಜಿಡಿಪಿ) ಶೇ. 12.75 ದಾಟಿದ ಮೇಲೆ ದೇಶಗಳ ಬೆಳವಣಿಗೆಗೆ ವೇಗ ಸಿಗುತ್ತದೆ ಅಂದಿದ್ದರು. ಇರಬಹುದು. ಪಾತ್ರೆ ಅಂಗಡಿಯವನಿಗೆ ಆ ಸಂಖ್ಯೆ ಹೇಳಿದರೆ ಚಹಾ ತರಿಸುತ್ತಾನೆ, ಅಷ್ಟೇ.

ಅದೇ ಜುಲೈನಲ್ಲಿ ಊರಲ್ಲೆಲ್ಲ ಇನ್ನೊಂದು ಗಲಾಟೆ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತರಿಸಿಕೊಂಡು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸ್ ಬಂತು ಅಂತ ಪೇಪರಿನಲ್ಲಿ ಬಂದಿತ್ತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಣ್ಣೆದೋಸೆ ತಿನ್ನೋಣ ಅಂತ ಹೋದರೆ ಗಲ್ಲಾದ ಮೇಲೆ "ಫೋನ್ ಪೇ ಇಲ್ಲ, ಕ್ಯಾಶ್ ಮಾತ್ರ" ಅಂತ ರಟ್ಟಿನ ಬೋರ್ಡು. ನೈರೋಬಿಯಲ್ಲಿ ಬೆಣ್ಣೆ ಸಿಗುತ್ತದೆ, ಆದರೆ ಆ ಚಳಿಗೆ ದೋಸೆ ಹಿಟ್ಟು ಹುಳಿಯೇ ಬರುವುದಿಲ್ಲ. ವರ್ಷವಿಡೀ ಆ ದೋಸೆ ನೆನೆಸಿಕೊಂಡು ಬಂದವನು ಎಟಿಎಂ ಹುಡುಕಿಕೊಂಡು ಪಿ.ಬಿ. ರೋಡಿನಲ್ಲಿ ತಿರುಗಬೇಕಾಯಿತು. ಸಿಟ್ಟು ಬರದೇ ಇರುತ್ತದಾ? ಕೊನೆಗೆ ಮುಖ್ಯಮಂತ್ರಿ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಕೇಳುವುದಿಲ್ಲ ಅಂದ ಮೇಲೆ ತಣ್ಣಗಾಯಿತು. ಯಾರೂ ತೆರಿಗೆ ಎಷ್ಟಿರಬೇಕು, ಯಾರ ಮೇಲೆ ಇರಬೇಕು ಅಂತ ವಾದ ಮಾಡಲಿಲ್ಲ. ಕಣ್ಣಿಗೆ ಕಾಣದ ಹಾಗೆ ಇರುವುದು ಹೇಗೆ ಅಂತ ಯೋಚಿಸಿದರು. ರಟ್ಟಿನ ಬೋರ್ಡು ಬರೆದರು.

ಖರ್ಚಿನ ಬಗ್ಗೆ ನಮ್ಮವರು ಬಾಯಿ ಬಿಡುತ್ತಾರೆ, ಅದನ್ನು ಒಪ್ಪುತ್ತೇನೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂತ ಓದಿದರು. ಆ ದುಡ್ಡು ಬಂದಿಲ್ಲ ಅಂತ ರಾಜ್ಯ ಸರ್ಕಾರ ಹೇಳುತ್ತಲೇ ಇದೆ. ಚಿತ್ರದುರ್ಗದ ಕಡೆ ಹೋದರೆ ಅಡಿಕೆ ತೋಟದ ರೈತನಿಗೂ ಆ ಸಂಖ್ಯೆ ಬಾಯಿಪಾಠ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಹದಿನೈದನೇ ಹಣಕಾಸು ಆಯೋಗ ಶೇ. 4.713ರಿಂದ 3.647ಕ್ಕೆ ಇಳಿಸಿದ್ದೂ ಚಹಾದಂಗಡಿ ಮಾತಾಗಿದೆ. ದಿಲ್ಲಿ ನಮಗೆ ಕೊಡಬೇಕಾದದ್ದು ನಮಗೆ ಗೊತ್ತು. ನಾವು ಕೊಡುತ್ತಿರುವುದು ಎಷ್ಟು ಅಂತ ಮಾತ್ರ ಗೊತ್ತಿಲ್ಲ.

ಅಣ್ಣ ಸುಮ್ಮನೆ ಬಿಡುವವನಲ್ಲ. ರಾತ್ರಿ ಊಟಕ್ಕೆ ಕೂತಾಗ ಶುರು ಮಾಡಿದ. "ಬಿಲ್ ಹಾಕಿದವನಿಗೆ ನೋಟಿಸ್ ಬರ್ತದೆ. ಕ್ಯಾಶ್‌ನಾಗೆ ಮಾಡಿದವ ಆರಾಮಿದಾನೆ. ಯಾರು ಶಾಣ್ಯಾ ಹೇಳು?" ಇದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ. ನೈರೋಬಿಯಲ್ಲೂ ಅದೇ ಕತೆ. ಹಿಂಡಿಸಿಕೊಳ್ಳುವವನು ಪೇಸ್ಲಿಪ್ ಇರುವವನೇ. ನಮ್ಮ ಮನೆ ಹತ್ತಿರ ಸೊಪ್ಪು ಮಾರುವ ಹೆಂಗಸು ನನಗೆ ಯಾವತ್ತೂ ರಸೀದಿ ಕೊಟ್ಟಿಲ್ಲ, ನಾನೂ ಕೇಳಿಲ್ಲ. ದೇಶದ ಹೆಚ್ಚಿನ ದುಡಿಮೆ ಅಂಥವರದ್ದೇ.

ಇನ್ನೂ ಇದೆ. ಅಲ್ಲಿ ಕಟ್ಟಿದ ತೆರಿಗೆಯಲ್ಲಿ ಸುಮಾರು ಮೂರನೇ ಒಂದು ಭಾಗ ಸಾಲದ ಬಡ್ಡಿಗೇ ಹೋಗುತ್ತದೆ. 2024ರಲ್ಲಿ ತೀರಿಸಬೇಕಿದ್ದ 200 ಕೋಟಿ ಡಾಲರ್ ಬಾಂಡಿಗೆ, ಅಂದರೆ ಸಾಲಪತ್ರಕ್ಕೆ, ದುಡ್ಡು ಹೊಂದಿಸಲು ಶೇ. 9.75 ಬಡ್ಡಿಯ ಹೊಸ ಬಾಂಡ್ ಬಿಟ್ಟರು. ಸೂಪರ್‌ವೈಸರ್ ಕೇಳುವ ಮನೆ ಕಾಣದಿದ್ದರೆ ಆಶ್ಚರ್ಯ ಇಲ್ಲ. ನಮ್ಮ ಕೇಂದ್ರದ 2025-26ರ ಬಜೆಟ್‌ನಲ್ಲೂ ಬಡ್ಡಿ 12.76 ಲಕ್ಷ ಕೋಟಿ, ರಾಜಸ್ವ ಆದಾಯ 34.2 ಲಕ್ಷ ಕೋಟಿ. ಆದರೆ ನಮ್ಮ ಸಾಲ ಬಹುಪಾಲು ರೂಪಾಯಿಯಲ್ಲಿ, ಮನೆಯೊಳಗಿನವರಿಗೇ. ಅದು ದೊಡ್ಡ ಆಸರೆ. ಜೂನ್ 2024ರ ಆ ಬೀದಿಗಳಲ್ಲಿ ಹತ್ತಾರು ಜನ ಗುಂಡಿಗೆ ಸತ್ತರು ಅನ್ನುವುದನ್ನೂ ಹೇಳಬೇಕು. ಮಸೂದೆ ಓದುವ ಹುಡುಗರನ್ನು ಹೊಗಳುವಾಗ ಇದನ್ನು ಬಿಟ್ಟರೆ ನ್ಯಾಯ ಅಲ್ಲ.

ಫೋನಿನಲ್ಲಿ ದುಡ್ಡು ಕಳಿಸುವುದರಲ್ಲಂತೂ ನಾವೇ ಮುಂದೆ. ಕೀನ್ಯಾದಲ್ಲಿ ಫೋನಿನಲ್ಲೇ ದುಡ್ಡು ಕಳಿಸುವ ಎಂಪೆಸಾ 2007ರಲ್ಲೇ ಬಂತು, ಸರಿ. ಆದರೆ ಕಳಿಸಿದಾಗ ಶುಲ್ಕ, ಆ ಶುಲ್ಕದ ಮೇಲೆ ಶೇ. 15 ಅಬಕಾರಿ ಸುಂಕ. ಯುಪಿಐನಲ್ಲಿ ಹತ್ತು ರೂಪಾಯಿ ಕಳಿಸಿದರೆ ಹತ್ತೂ ಮುಟ್ಟುತ್ತದೆ. ಎಂಪೆಸಾ ಲೆಕ್ಕ ನೋಡಿಯೇ ಸಣ್ಣ ವ್ಯಾಪಾರಿಗೆ ಸಾಲ ಕೊಡುತ್ತಾರೆ ಅಂತ ನಾನು ಪಾತ್ರೆ ಅಂಗಡಿಯಲ್ಲಿ ಕೂತು ಜಂಬ ಕೊಚ್ಚಿದ್ದೆ. ಎಂ-ಶ್ವಾರಿ ಅನ್ನುವ ಆ ಸಾಲ 2012ರಿಂದ ಇದೆ. ಬಡ್ಡಿ ಎಷ್ಟು ಅಂತ ಅವನು ಕೇಳಿದ. ತಿಂಗಳಿಗೆ ಶೇ. 7.5 ಶುಲ್ಕ ಅಂದೆ. "ಹಂಗಾದ್ರೆ ನಮ್ ಫೈನಾನ್ಸಿನವ್ನೇ ದೇವ್ರು ಬಿಡು" ಅಂದ.

ಬಿಲ್ ಕೇಳುವವನಿಗೆ ಏನಾದರೂ ಸಿಗುವ ಹಾಗೆ ಮಾಡಿ ಅನ್ನುವುದೊಂದೇ ನನ್ನ ಕೋರಿಕೆ. ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯ 2007ರಿಂದ ಬಿಲ್ ತಗೊಂಡ ಗಿರಾಕಿಗೆ ತೆರಿಗೆಯಲ್ಲಿ ಒಂದು ಪಾಲು ವಾಪಸ್ ಕೊಡುತ್ತಾ ಬಂತು, ಲಾಟರಿಯನ್ನೂ ಇಟ್ಟಿತು. ಪಕ್ಕದ ಕೇರಳ 2022ರಲ್ಲಿ ಲಕ್ಕಿ ಬಿಲ್ ಅಂತ ಆ್ಯಪ್ ತಂದು ಅದರಲ್ಲಿ ಬಿಲ್ ಹಾಕಿದ ಗಿರಾಕಿಗಳಿಗೆ ಬಹುಮಾನ ಕೊಟ್ಟಿತು. ಕೇಂದ್ರ 2023ರ ಸೆಪ್ಟೆಂಬರ್‌ನಲ್ಲಿ ಅಂಥದ್ದೇ ಯೋಜನೆ ತಂದಾಗ ಅಸ್ಸಾಂ, ಗುಜರಾತ್, ಹರಿಯಾಣ ಇದ್ದವು, ಕರ್ನಾಟಕ ಇರಲಿಲ್ಲ. ಜಿಎಸ್‌ಟಿ ಸಂಗ್ರಹದಲ್ಲಿ ಮಹಾರಾಷ್ಟ್ರ ಬಿಟ್ಟರೆ ನಾವೇ ಅಂತ ಎದೆ ತಟ್ಟಿಕೊಳ್ಳುವ ರಾಜ್ಯಕ್ಕೆ ಇದು ಯಾಕೆ ಬೇಡವಾಯಿತೋ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಅಂತ ಮನೆ ಕಂದಾಯಕ್ಕೆ ನಮ್ಮಣ್ಣನಂಥವರೇ ಪಾಲಿಕೆಯಲ್ಲಿ ಸಾಲು ನಿಲ್ಲುತ್ತಾರೆ, ರಸೀದಿ ಬೀರುವಿನಲ್ಲಿ ಇಡುತ್ತಾರೆ. ಚರಂಡಿ ಕಟ್ಟಿಕೊಂಡರೆ ಆ ರಸೀದಿ ಹಿಡಿದೇ ಬೈಯಲು ಹೋಗುತ್ತಾರೆ.

ಪಾತ್ರೆ ಅಂಗಡಿಯವನು ಮೊನ್ನೆ ಫೋನ್ ಮಾಡಿದ್ದ. ಅವನ ಹೆಸರಲ್ಲಿ ಕಾಂಪೊಸಿಷನ್ ನೋಂದಣಿ ಆಯಿತಂತೆ. ಮೂರು ತಿಂಗಳಿಗೊಮ್ಮೆ ಕಟ್ಟುವುದು, ವರ್ಷಕ್ಕೊಂದು ರಿಟರ್ನ್, ಅಷ್ಟೇನಾ ಅಂತ ಕೇಳಿದ. ಅಷ್ಟೇ ಅಂದೆ. ಸಿಎ ಫೀಜು ಜಾಸ್ತಿ ಅಂತ ಬೈದ. ಹೆಂಡತಿ ಮತ್ತು ಬಾಮೈದನ ಸ್ಟಿಕ್ಕರ್ ತೆಗೆದೆಯಾ ಅಂದೆ. "ಒಂದೇ ಸಲಕ್ಕೆ ಎಲ್ಲಾ ಆಗ್ತದೇನೋ?" ಅಂದ.