ಕಟ್ಟಿಕೊಂಡ ಅಟೊಮೈಜರಿನ ಪರವಾಗಿ

“ಎಸೆದು ಹೊಸದು ಹಾಕಿದರಾಯಿತು, ಇಷ್ಟಕ್ಕೆಲ್ಲ ಯಾಕೆ ಒದ್ದಾಡುತ್ತೀರಿ?” ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಮೈಯುರಿಯುತ್ತದೆ. ಗೆಳೆಯರೊಬ್ಬರ ಇ-ಸಿಗರೇಟಿನ ಅಟೊಮೈಜರ್, ಅಂದರೆ ಹತ್ತಿಯ ಬತ್ತಿ ಹೀರಿಕೊಂಡ ದ್ರವವನ್ನು ತಂತಿಯ ಸುರುಳಿಯಿಂದ ಕಾಯಿಸಿ ಆವಿಯಾಗಿಸುವ ಭಾಗ, ಕಟ್ಟಿಕೊಂಡು, ಎಳೆದರೆ ಆವಿಯ ಬದಲು ಗೊರಗೊರ ಸದ್ದೂ ಸೀದ ವಾಸನೆಯೂ ಬರತೊಡಗಿದಾಗ ಅವರು ಆಡಿದ್ದೂ ಇದೇ ಮಾತು. ನಾನು ಸೇದುವವನಲ್ಲ, ಸೇದಿರೆಂದು ಯಾರಿಗೂ ಹೇಳುವವನೂ ಅಲ್ಲ. ಆದರೆ ಬಿಡಿಸಬಹುದಾದ ವಸ್ತುವೊಂದು ಕಣ್ಣೆದುರಿಗಿರುವಾಗ ಅದನ್ನು ಕಸದ ಬುಟ್ಟಿಗೆ ಬಿಟ್ಟುಕೊಡುವ ಔದಾರ್ಯ ನನಗಿಲ್ಲ.

ತಪ್ಪು ಒಳಗಿನ ತಂತಿಯದಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಆ ತಂತಿಯ ಮನೆತನ ದೊಡ್ಡದು. ಕೆಂಪಾಗಿ ಕಾದು, ಆರಿ, ಮತ್ತೆ ಕಾದರೂ ಗಾಳಿಯಲ್ಲಿ ತುಕ್ಕಾಗಿ ಉದುರದ ಅಗ್ಗದ ತಂತಿ ಸಿಗದೆ, ವಿದ್ಯುತ್ತಿನಿಂದ ಬ್ರೆಡ್ಡು ಸುಡುವ ಆಸೆ ಬಹುಕಾಲ ಆಸೆಯಾಗಿಯೇ ಉಳಿದಿತ್ತು. ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್ಲಿಗೆ ಕ್ರೋಮಿಯಂ ಬೆರೆಸಿ 1906ರಲ್ಲಿ ಪೇಟೆಂಟ್ ಪಡೆದ ಮೇಲೆ ಟೋಸ್ಟರಿನ ಹಾದಿ ತೆರೆಯಿತು. ಸುಮಾರು 80 ಪಾಲು ನಿಕ್ಕಲ್, 20 ಪಾಲು ಕ್ರೋಮಿಯಂ ಇರುವ ಈ ನೈಕ್ರೋಮ್ ತಂತಿ ಕಾದಾಗ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಬೆಳೆಯುತ್ತದೆ, ಆ ಪದರವೇ ಒಳಗಿನ ಲೋಹಕ್ಕೆ ಕವಚವಾಗುತ್ತದೆ. ಇದರಂತೆಯೇ ಅಟೊಮೈಜರಿನ ಸುರುಳಿಗೆ ಬಳಸುವ ಇನ್ನೊಂದು ತಂತಿ, ಸ್ವೀಡನ್ನಿನಲ್ಲಿ ಹುಟ್ಟಿದ ಕಾಂತಾಲ್, ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂಗಳ ಮಿಶ್ರಣ. ಅದರ ಕವಚ ಅಲ್ಯೂಮಿನಿಯಂ ಆಕ್ಸೈಡಿನದು. ಕೆಂಡದಂತೆ ಹೊಳೆದೂ ಸವೆಯದಿರಲೆಂದೇ ಹುಟ್ಟಿದ ಇಂಥ ತಂತಿಯನ್ನು ಚಾಕಲೇಟು ರುಚಿಯ ದ್ರವವೊಂದು ಕೆಲವೇ ದಿನಗಳಲ್ಲಿ ಕಸವಾಗಿಸುತ್ತದೆ ಎಂದರೆ ಮಾರ್ಷ್ ಏನೆಂದುಕೊಂಡಾನು!

ಕಟ್ಟಿಕೊಳ್ಳುವುದು ಸಿಹಿ. ಇ-ಸಿಗರೇಟಿನ ದ್ರವದ ಮುಖ್ಯ ಭಾಗಗಳಾದ ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಗ್ಲಿಸರಿನ್ 290ರಲ್ಲಿ ಕುದಿದು ಆವಿಯಾಗುತ್ತವೆ. ಸುಕ್ರಲೋಸಿನಂಥ ಸಿಹಿಕಾರಕ ಮಾತ್ರ ಹಿಂದುಳಿದು, ತಳಹಿಡಿದ ಹಾಲಿನ ಪಾತ್ರೆಯಲ್ಲಿರುವಂಥ ಕರಿಯನ್ನು ಸುರುಳಿಗೆ ಅಂಟಿಸುತ್ತದೆ.

ಬಿಡಿಸುವುದು ಕಷ್ಟವೇನಲ್ಲ, ತಾಳ್ಮೆಯ ಕೆಲಸ. ಹತ್ತಿಯ ಬತ್ತಿಯನ್ನು ಕಿತ್ತು, ಬಿಡಿಭಾಗಗಳನ್ನು ಬಿಸಿನೀರಿನಲ್ಲಿಯೂ ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿಯೂ ನೆನೆಸಿ, ತೊಳೆದು, ಆಲ್ಕೊಹಾಲಿನ ವಾಸನೆಯೂ ಉಳಿಯದಂತೆ ಒಣಗಿಸಬೇಕು. ಅಷ್ಟಾದ ಮೇಲೆಯೇ ಕಡಿಮೆ ವ್ಯಾಟಿನಲ್ಲಿ ತಂತಿಯನ್ನು ಬಿಟ್ಟುಬಿಟ್ಟು ಕಾಯಿಸಿದರೆ ಕರಿ ಬೂದಿಯಾಗುತ್ತದೆ, ಆರಿದ ಮೇಲೆ ಮೆತ್ತನೆಯ ಬ್ರಷ್ಷಿಗೆ ಉದುರುತ್ತದೆ. ಟೈಟಾನಿಯಂ ಅಥವಾ ಬರಿ ನಿಕ್ಕಲ್ ತಂತಿಯಾದರೆ ಹೀಗೆ ಕೆಂಪಗೆ ಕಾಯಿಸಬಾರದು. ಕೊನೆಗೆ ತಂತಿಯ ವಿದ್ಯುತ್ ರೋಧವನ್ನು ಅಳೆದು, ಹೊಸ ಹತ್ತಿ ತೂರಿಸಿ, ಅದು ದ್ರವದಲ್ಲಿ ಪೂರ್ತಿ ನೆನೆಯುವವರೆಗೆ ಕಾಯಬೇಕು. ಒಣಬತ್ತಿಯಲ್ಲಿ ಎಳೆದರೆ ಹತ್ತಿ ಸುಡುತ್ತದೆ. ಅತಿಯಾಗಿ ಕಾದ ಗ್ಲಿಸರಿನ್ನಿನಿಂದ ಅಕ್ರೋಲಿನ್ ಎಂಬ ಘಾಟು ರಾಸಾಯನಿಕ ಹುಟ್ಟಿ ಗಂಟಲನ್ನು ಕೆರೆಯುತ್ತದೆ.

ನನ್ನ ನಿಜವಾದ ಜಗಳ ಸುರುಳಿಯನ್ನೂ ಹತ್ತಿಯನ್ನೂ ಲೋಹದ ಕೊಳವೆಯೊಳಗೆ ಬಿಗಿದು ಮುಚ್ಚಿ ಮಾರುವವರೊಂದಿಗೆ. ಅಂಥದರ ಹತ್ತಿಯನ್ನು ತೆಗೆಯುವಂತಿಲ್ಲ, ಹತ್ತಿ ಒಳಗಿರುವಾಗ ಕಾಯಿಸುವಂತಿಲ್ಲ. ನೆನೆಸಿ ತೊಳೆದರೆ ಗೊರಗೊರ ನಿಂತೀತು, ಕರಿ ಮಾತ್ರ ಅಲ್ಲೇ. ಬಿಚ್ಚಲಾಗದಂತೆ ಮಾಡಿದವರು “ಎಸೆಯಿರಿ” ಎಂದು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ.

ಗೆಳೆಯರದು ಪುಣ್ಯಕ್ಕೆ ಬಿಚ್ಚುವ ಜಾತಿಯದಾಗಿತ್ತು. ಹೊಳೆಯುವ ಸುರುಳಿಯನ್ನು ಹಿಂದಿರುಗಿಸುತ್ತ, ಇನ್ನು ಮೇಲಾದರೂ ಸಿಹಿಯಿಲ್ಲದ ದ್ರವ ಹಾಕಿಕೊಳ್ಳಿ ಎಂದೆ. ಅದಕ್ಕೆ ರುಚಿಯೇ ಇರುವುದಿಲ್ಲ ಎಂದರು.