ಸ್ವಲ್ಪ ಈ ಕಡೆ ಬಂದು ನಿಲ್ತೀರಾ?

ಮಹಿಳಾ ದಿನಕ್ಕೆ ನನ್ನ ತಂಗಿ ಮಗಳ ಆಫೀಸಿನಲ್ಲಿ ಈ ಸಲ ಗುಲಾಬಿ ಹೂವಿನ ಜೊತೆ ಒಂದೊಂದು ಪೆಪ್ಪರ್ ಸ್ಪ್ರೇ ಡಬ್ಬಿಯನ್ನೂ ಹಂಚಿದರಂತೆ. ಹೂವು ಸಂಜೆಗೆ ಬಾಡಿತು. ಡಬ್ಬಿಗೆ ಎರಡು ವರ್ಷ ಆಯುಸ್ಸು, ತಳದಲ್ಲಿ ತಾರೀಕು ಒತ್ತಿದ್ದಾರೆ. ಅದರ ಬಣ್ಣವೂ ಗುಲಾಬಿಯೇ. ಹೆಂಗಸರ ಸಾಮಾನು ಅಂದಮೇಲೆ ಇನ್ಯಾವ ಬಣ್ಣ ಬಳಿದಾರು?

ಉಪ್ಪಿನ ಪೊಟ್ಟಣದ ಹಿಂದೆ ಬರೆದದ್ದನ್ನೂ ಬಿಡದೆ ಓದುವವನು ನಾನು. ಕನ್ನಡಕ ಏರಿಸಿ ಸೂಚನೆಗಳನ್ನು ಓದಿದೆ. ಲಾಕ್ ತಿರುಗಿಸಿ, ಕೈ ಮುಂದೆ ಚಾಚಿ, ಮುಖಕ್ಕೆ ಗುರಿಯಿಡಿ. ಕೊನೆಯಲ್ಲೊಂದು ಎಚ್ಚರಿಕೆ: ಗಾಳಿಗೆ ಎದುರಾಗಿ ಸಿಂಪಡಿಸಬೇಡಿ. ಅಂದರೆ ರಾತ್ರಿ ಹತ್ತು ಗಂಟೆಗೆ ಹಿಂದಿನಿಂದ ಯಾವನೋ ಬರುತ್ತಿದ್ದಾನೆ ಅನ್ನಿಸಿದರೆ, ಹುಡುಗಿ ಮೊದಲು ಬೆರಳು ಒದ್ದೆ ಮಾಡಿ ಮೇಲೆತ್ತಿ ಗಾಳಿ ಯಾವ ಕಡೆಯದೆಂದು ನೋಡಬೇಕು. ತನ್ನ ಕಡೆಗೇ ಬೀಸುತ್ತಿದ್ದರೆ, "ಸಾರ್, ಸ್ವಲ್ಪ ಈ ಕಡೆ ಬಂದು ನಿಲ್ತೀರಾ?" ಅಂತ ವಿನಂತಿಸಿಕೊಳ್ಳಬೇಕು. ಗಾಳಿ ಬಂದಾಗ ತೂರಿಕೊ ಎಂದ ಹಿರಿಯರು ಇಷ್ಟು ದೂರ ಯೋಚಿಸಿದ್ದರೆಂದು ನನಗೆ ಗೊತ್ತಿರಲಿಲ್ಲ.

ನೋಡೇ ಬಿಡೋಣ ಅಂತ ಬಾಲ್ಕನಿಗೆ ಹೋಗಿ ಒಂದೇ ಒಂದು ಸಲ ಒತ್ತಿದೆ. ಬೆರಳು ಒದ್ದೆ ಮಾಡುವುದನ್ನು ಮರೆತಿದ್ದೆ. ಒಳಗಿನಿಂದ ಹೆಂಡತಿ, "ರೀ, ಯಾರ ಮನೇಲಿ ಮೆಣಸಿನಕಾಯಿ ಹುರೀತಿದಾರೆ? ಏನು ಘಾಟು!" ಅಂತ ಕೆಮ್ಮುತ್ತ ಬಂದಳು. ಉತ್ತರ ಕೊಡಲು ನನ್ನ ಕೈಯಲ್ಲಾಗಲಿಲ್ಲ. ನಲ್ಲಿ ಕೆಳಗೆ ಮುಖವಿಟ್ಟು ನಿಂತಿದ್ದೆ.

ಆದರೂ ಅವಳ ಮೂಗು ಸುಳ್ಳು ಹೇಳಲಿಲ್ಲ. ಹೆಸರಿಗೆ ಪೆಪ್ಪರ್, ಒಳಗೆ ಒಂದು ಕಾಳುಮೆಣಸೂ ಇಲ್ಲ. ಇರುವುದೆಲ್ಲ ಮೆಣಸಿನಕಾಯಿಯ ಸತ್ವ. ಸಕಲೇಶಪುರದ ಬೆಳೆಗಾರರು ಸುಮ್ಮನೆ ಆಸೆ ಇಟ್ಟುಕೊಳ್ಳುವುದು ಬೇಡ. ನಮ್ಮ ಬ್ಯಾಡಗಿಯದೂ ಇಲ್ಲಿ ನಡೆಯುವುದಿಲ್ಲ; ಅದಕ್ಕೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದರ ಸತ್ವ ಲಿಪ್‌ಸ್ಟಿಕ್‌ಗೂ ಉಗುರುಬಣ್ಣಕ್ಕೂ ಹೋಗುತ್ತದೆ. ಒಂದೇ ವ್ಯಾನಿಟಿ ಬ್ಯಾಗಿನಲ್ಲಿ ಲಿಪ್‌ಸ್ಟಿಕ್ಕೂ ಸ್ಪ್ರೇಯೂ ದಾಯಾದಿಗಳ ಹಾಗೆ ಮಲಗಿರುತ್ತವೆ. ಬೆಳೆದವನ ಕಣ್ಣಿಗೆ ಮಾತ್ರ ಯಾವ ಡಬ್ಬಿಯೂ ಬೇಕಿಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳು ಹೊತ್ತಿ ಉರಿದದ್ದು ನೆನಪಿರಬೇಕು. ಇರಲಿ, ಅದು ಬೇರೆ ಉರಿ.

ಈ ಡಬ್ಬಿಯನ್ನು ಇಡೀ ದೇಶದ ಕಣ್ಣಿಗೆ ಬೀಳುವಂತೆ ಬಳಸಿದ್ದು ಹೆಂಗಸಲ್ಲ, ಸಂಸದ. 2014ರ ಫೆಬ್ರವರಿ 13, ಲೋಕಸಭೆ, ತೆಲಂಗಾಣ ಮಸೂದೆ. ವಿಜಯವಾಡದ ಲಗಡಪಾಟಿ ರಾಜಗೋಪಾಲ್ ಸ್ಪ್ರೇ ಒತ್ತಿದರು, ಪ್ರಜಾಪ್ರಭುತ್ವ ಕಣ್ಣೊರೆಸಿಕೊಂಡು ಹೊರಗೋಡಿತು, ಕೆಲವು ಸದಸ್ಯರು ಆಸ್ಪತ್ರೆ ಸೇರಿದರು. ಮಾಡಿದ್ದು ಆತ್ಮರಕ್ಷಣೆಗೆ ಎಂದರು ಅವರು. ಒಪ್ಪೋಣ. ಒಳಗೆ ಗಾಳಿಯ ತೊಂದರೆಯೂ ಇರಲಿಲ್ಲ. ನನಗೆ ಮೆಚ್ಚುಗೆಯಾದದ್ದು ಇಷ್ಟೇ: ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲಿಗೇಕೆ ಹೋಗಿದ್ದಿರಿ, ಯಾವ ಬಟ್ಟೆ ಹಾಕಿದ್ದಿರಿ ಅಂತ ಅವರನ್ನು ಯಾರೂ ಕೇಳಲಿಲ್ಲ.

ಸಂಸತ್ತಿನೊಳಗೆ ಹೋದ ಡಬ್ಬಿ ನಮ್ಮ ಮೆಟ್ರೊದೊಳಗೆ ಹೋಗುತ್ತಿರಲಿಲ್ಲ. ಬ್ಯಾಗ್ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಿದ್ದರು. ಹೆಂಗಸರು ಒಯ್ಯಬಹುದು ಎಂದು ನಮ್ಮ ಮೆಟ್ರೊಗೆ ಅರಿವಾದದ್ದು 2019ರ ಡಿಸೆಂಬರ್‌ನಲ್ಲಿ. ಅದಕ್ಕೆ ಕೆಲವು ದಿನ ಮುಂಚೆ ಹೈದರಾಬಾದಿನ ಹೊರವಲಯದಲ್ಲಿ ಒಬ್ಬ ಪಶುವೈದ್ಯೆಯನ್ನು ಕೊಂದು ಸುಟ್ಟಿದ್ದರು. ಒಂದು ಡಬ್ಬಿಗೆ ಅನುಮತಿ ಸಿಗಬೇಕಾದರೆ ನಮ್ಮಲ್ಲಿ ಅಷ್ಟು ಖರ್ಚು.

ಒಯ್ದರೂ ಒತ್ತುವ ಮುಂಚೆ ವಕೀಲರನ್ನು ಕೇಳಿಕೊಳ್ಳುವುದು ಒಳ್ಳೆಯದು. 2024ರಲ್ಲಿ ನಮ್ಮ ಹೈಕೋರ್ಟ್ ಒಂದು ಜಗಳದ ಪ್ರಕರಣದಲ್ಲಿ ಇದನ್ನು ಅಪಾಯಕಾರಿ ಆಯುಧ ಎಂದು ಕಂಡಿತು. ಇಲ್ಲಿನ ಕಾನೂನಿನಲ್ಲಿ ಆ ಬಗ್ಗೆ ಏನೂ ಇಲ್ಲದ್ದರಿಂದ ಅಮೆರಿಕದ ಕೋರ್ಟೊಂದರ ತೀರ್ಪನ್ನು ನೆನೆಯಿತು. ಪ್ರಾಣಕ್ಕೆ ತಕ್ಷಣದ ಅಪಾಯ ಇರಲಿಲ್ಲ ಎಂದೂ ಹೇಳಿತು. ಆ ಪ್ರಕರಣಕ್ಕೆ ಅದು ಸರಿಯೇ ಇರಬಹುದು. ಆದರೆ ಕತ್ತಲಲ್ಲಿ ನಿಂತವಳು ಅಪಾಯ ತಕ್ಷಣದ್ದೋ ನಿಧಾನದ್ದೋ ಅಂತ ಅಳೆಯುವುದು ಯಾವುದರಿಂದ?

ಗೃಹ ಸಚಿವರನ್ನು ಕೇಳೋಣವೆಂದರೆ, ಆ ಕುರ್ಚಿಯಲ್ಲಿದ್ದ ಪರಮೇಶ್ವರ ಅವರು 2017ರ ಹೊಸ ವರ್ಷದ ರಾತ್ರಿ ಬೆಂಗಳೂರಿನಲ್ಲಿ ಹೆಂಗಸರಿಗೆ ಕಿರುಕುಳ ಕೊಟ್ಟ ಗಲಾಟೆಗೆ ಪಾಶ್ಚಾತ್ಯ ಉಡುಪಿನ ಮಾತೆತ್ತಿದ್ದರು. 2025ರ ಏಪ್ರಿಲ್‌ನಲ್ಲಿ, ಮತ್ತೆ ಅದೇ ಕುರ್ಚಿಯಿಂದ, ಇಷ್ಟು ದೊಡ್ಡ ಊರಲ್ಲಿ ಅಲ್ಲೊಂದು ಇಲ್ಲೊಂದು ಇಂಥದ್ದು ಆಗುತ್ತದೆ ಎಂಬರ್ಥದ ಮಾತಾಡಿ, ಮರುದಿನ ವಿಷಾದಿಸಿದರು. ಎಂಟು ವರ್ಷದಲ್ಲಿ ಬಟ್ಟೆಯಿಂದ ಊರಿನ ಅಳತೆಗೆ ಬಂದಿದ್ದೇವೆ. ಸಾಕಾಗಿದೆ ಸ್ವಾಮಿ. ರಸ್ತೆ ಕಾಯುವುದು ನಿಮ್ಮ ಕೆಲಸ. ಅದನ್ನು ಒಂದು ಡಬ್ಬಿಯಲ್ಲಿ ತುಂಬಿಸಿ, ದುಡ್ಡನ್ನೂ ಅವಳಿಂದಲೇ ಕೀಳಿಸಿ, ಇಟ್ಟುಕೊಂಡಿರಲಿಲ್ವಾ, ಒತ್ತಲಿಲ್ವಾ, ಯಾಕೆ ಒತ್ತಿದೆ ಅಂತ ವಿಚಾರಣೆಯನ್ನೂ ಅವಳದ್ದೇ ಮಾಡುತ್ತೀರಿ.

ಮೊನ್ನೆ ತಂಗಿ ಮಗಳನ್ನು ಪಿಜಿಗೆ ಬಿಡಲು ಹೋಗಿದ್ದೆ. ಗಲ್ಲಿಯ ಮೂಲೆಯ ಬೀದಿದೀಪ ಸತ್ತಿತ್ತು. ಒಂದು ಕೈಯಲ್ಲಿ ಮೊಬೈಲ್ ಟಾರ್ಚು, ಇನ್ನೊಂದು ಕೈ ಬ್ಯಾಗಿನೊಳಗೆ ಕೀ, ಬಾಚಣಿಗೆ, ಇಯರ್‌ಫೋನಿನ ಗಂಟುಗಳ ನಡುವೆ ಡಬ್ಬಿ ತಡಕುತ್ತಿತ್ತು.

"ದೀಪದ್ದು ಕಂಪ್ಲೇಂಟ್ ಕೊಡಬೇಕಿತ್ತಮ್ಮ" ಅಂದೆ.

"ಕೊಟ್ಟಿದೀನಿ ಮಾವ" ಅಂತ ಟಾರ್ಚ್ ಆರಿಸಿ ಫೋನನ್ನು ನನ್ನತ್ತ ಹಿಡಿದಳು. ಆ ಕತ್ತಲಲ್ಲಿ ಹಸಿರು ಅಕ್ಷರ ಚೆನ್ನಾಗಿಯೇ ಕಾಣುತ್ತಿತ್ತು: ಪರಿಹರಿಸಲಾಗಿದೆ.